ಹೀಲಿಯೋಸ್ 44-2 ಅಥವಾ ಸೂಪರ್ ಟಾಕುಮಾರ್: ಮೊದಲ ಹಳೆಯ ಲೆನ್ಸ್ ಯಾವುದಿರಲಿ?

ಮಿರರ್‌ಲೆಸ್ ಕ್ಯಾಮೆರಾಗಾಗಿ ಸೋವಿಯತ್ ಒಕ್ಕೂಟದ ಹೀಲಿಯೋಸ್ 44-2 (58 ಮಿ.ಮೀ., ಎಫ್/2) ಮತ್ತು ಜಪಾನಿನ ಅಸಾಹಿ ಸಂಸ್ಥೆಯ ಸೂಪರ್ ಟಾಕುಮಾರ್ (50 ಮಿ.ಮೀ., ಎಫ್/1.4) ನಡುವೆ ತೂಗಿನೋಡುತ್ತಿರುವವರು, ಲೆನ್ಸನ್ನು ಕ್ಯಾಮೆರಾಗೆ ಜೋಡಿಸುವ ಅಡಾಪ್ಟರಿನ ಚಿಂತೆಯನ್ನು ಬಿಡಬಹುದು, ಎರಡೂ ಎಂ42 ಎಂಬ ಒಂದೇ ಅಳತೆಯ ತಿರುಪಿನವಾದ್ದರಿಂದ ಗಾಜಿಲ್ಲದ ಒಂದೇ ಉಂಗುರ ಸಾಕು. ಬೆಲೆಯಲ್ಲಿ ಸಾಮಾನ್ಯವಾಗಿ ಹೀಲಿಯೋಸ್ ಅಗ್ಗ.

ನಿಜವಾದ ವ್ಯತ್ಯಾಸವಿರುವುದು ಚಿತ್ರದ ಗುಣದಲ್ಲಿ. ಜರ್ಮನಿಯ ಬಯೋಟಾರ್ ಲೆನ್ಸಿನ ವಿನ್ಯಾಸದಿಂದ ಹುಟ್ಟಿದ ಹೀಲಿಯೋಸ್‌ನ ಅಪರ್ಚರನ್ನು (ಬೆಳಕು ಒಳಬರುವ ರಂಧ್ರವನ್ನು) ಪೂರ್ತಿ ತೆರೆದು, ಎಲೆಗಳ ನಡುವೆ ಬೆಳಕು ಇಣುಕುವ ಮರದ ಮುಂದೆ ಒಬ್ಬರನ್ನು ನಿಲ್ಲಿಸಿ ತೆಗೆದರೆ, ಹಿನ್ನೆಲೆಯ ಬೆಳಕಿನ ಚುಕ್ಕೆಗಳು ಅಂಚಿನತ್ತ ಸುಳಿಯಂತೆ ತಿರುಗುತ್ತವೆ. ಚಿಕ್ಕ ಗಾತ್ರದ ಎಪಿಎಸ್-ಸಿ ಸೆನ್ಸರ್ ಆ ಅಂಚನ್ನೇ ಕತ್ತರಿಸುವುದರಿಂದ, ಅಂಥ ಕ್ಯಾಮೆರಾ ಉಳ್ಳವರು ಸುಳಿಯ ಆಸೆಯಿಂದಲೇ ಇದನ್ನು ಕೊಳ್ಳುವುದು ನನ್ನ ಮಟ್ಟಿಗೆ ವ್ಯರ್ಥ. ಟಾಕುಮಾರ್‌ನ ಹಿನ್ನೆಲೆ ಶಾಂತವಾದದ್ದು. ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು, ಬೆಳಕನ್ನು ಒಳಬಿಡುವ ಅದು ಸಂಜೆಯ ಹಾಗೂ ಒಳಾಂಗಣದ ಚಿತ್ರಗಳಿಗೆ ಹೊಂದುತ್ತದೆ.

ಬಳಕೆಯಲ್ಲಿ ಟಾಕುಮಾರ್ ಸರಳ. ಹೀಲಿಯೋಸ್‌ನ ಎರಡು ಉಂಗುರಗಳ ಅಪರ್ಚರ್ ಮೊದಲು ಗೊಂದಲಗೊಳಿಸಿದರೂ, ಕ್ಲಿಕ್ಕಿಲ್ಲದೆ ಸರಿಯುವುದರಿಂದ ವಿಡಿಯೋ ತೆಗೆಯುವವರಿಗೆ ಅದೇ ಅನುಕೂಲ.

ಏಳು ಗಾಜಿನ ಟಾಕುಮಾರ್ ಆವೃತ್ತಿಯಲ್ಲಿ ಥೋರಿಯಂ ಎಂಬ ವಿಕಿರಣಶೀಲ ಧಾತು ಇರುವುದರಿಂದ ಕಾಲಕ್ರಮೇಣ ಹಳದಿ ಬಣ್ಣ ಬರುತ್ತದೆ. ಅತಿನೇರಳೆ ಬೆಳಕಿಗೆ ಒಡ್ಡಿದರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಬೂಷ್ಟು ಹಿಡಿದ ಲೆನ್ಸನ್ನಂತೂ, ಮಲೆನಾಡು ಅಥವಾ ಕರಾವಳಿಯಲ್ಲಿ ಇರುವವರು, ಎಷ್ಟೇ ಅಗ್ಗವಾದರೂ ಮನೆಗೆ ತರಬಾರದು.