‘ರ’ ಕಂಡಲ್ಲಿ ಗುಣಾಕಾರ: ಧಾರವಾಡದ ಒಂದು ಅಂಕಗಣಿತ ತರಗತಿ

ಬ್ಯಾಂಕ್ ಗುಮಾಸ್ತರ ಪರೀಕ್ಷೆಗೆ ಓದುತ್ತಿರುವ ನಾನು ಧಾರವಾಡದ ಸಪ್ತಾಪುರದಲ್ಲಿರುವ ತರಬೇತಿ ಕೇಂದ್ರವೊಂದರಲ್ಲಿ ಹತ್ತು ದಿನಗಳ ಅಂಕಗಣಿತ ತರಗತಿಗೆ ಸೇರಿದ್ದೆ. ಬ್ಯಾಂಕ್ ಸಿಬ್ಬಂದಿಯನ್ನು ಆಯ್ಕೆ ಮಾಡುವ ಐಬಿಪಿಎಸ್ ಸಂಸ್ಥೆಯ ಗುಮಾಸ್ತರ ಪೂರ್ವಭಾವಿ ಪರೀಕ್ಷೆಯಲ್ಲಿ 35 ಲೆಕ್ಕಗಳಿಗೆ 20 ನಿಮಿಷ, ಅಂದರೆ ಒಂದು ಲೆಕ್ಕಕ್ಕೆ 35 ಸೆಕೆಂಡೂ ಸಿಗುವುದಿಲ್ಲ. ಶಾಲೆಯಲ್ಲಿ ಕಲಿತಂತೆ ನೂರರಿಂದ ಭಾಗಿಸಿ, ಗುಣಿಸಿ, ಬಂದದ್ದನ್ನು ಮತ್ತೆ ಕೂಡಿಸುತ್ತ ಕುಳಿತರೆ ಶೇಕಡಾ ಲೆಕ್ಕಗಳಲ್ಲೇ ಹೊತ್ತು ಹೋಗುತ್ತದೆ.

ಈ ತರಗತಿಯ ಜೀವಾಳ ಮೊದಲ ಮೂರು ದಿನಗಳ ಶೇಕಡಾ ಪಾಠ. ಸರ್ ಹಲಗೆಯ ಮೇಲೆ ‘800ರ ಶೇ. 15’ ಎಂದು ಬರೆದು, ‘ರ’ ಅಕ್ಷರವನ್ನು ಒರೆಸಿ, ಅಲ್ಲಿ ಗುಣಾಕಾರದ ಚಿಹ್ನೆ ಹಾಕಿದರು. “‘ರ’ ಕಂಡಲ್ಲಿ ಗುಣಾಕಾರ ಹಾಕ್ರಿ, ಶೇ. 15 ಅಂದ್ರ 0.15, ಮುಗೀತು” ಎಂದರು. ಎಂಟರ ಅರ್ಧ, ಹನ್ನೆರಡರ ಕಾಲು ಎಂದು ದಿನವೂ ಆಡುವ ನಮಗೆ ಷಷ್ಠಿ ವಿಭಕ್ತಿಯೇ ಗುಣಾಕಾರ ಮಾಡುತ್ತಿದೆ ಎಂಬುದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಗುಣಾಕಾರವಾದ ಮೇಲೆ ಸಂಖ್ಯೆಗಳನ್ನು ಅದಲು ಬದಲು ಮಾಡಬಹುದು: 25ರ ಶೇ. 16 ಕೇಳಿದರೆ ತಡವರಿಸುವವನು 16ರ ಶೇ. 25 ಎಂದೊಡನೆ ಕಾಲು ಭಾಗ ತೆಗೆದು 4 ಎನ್ನುತ್ತಾನೆ.

ಏರಿಕೆ, ಇಳಿಕೆಗಳನ್ನೂ ಅವರು ಕೂಡಿಸಿ ಕಳೆಯಲು ಬಿಡಲಿಲ್ಲ. ಶೇ. 20 ಏರಿದರೆ 1.2ರಿಂದ, ಇಳಿದರೆ 0.8ರಿಂದ ಗುಣಿಸಬೇಕು. ಕ್ವಿಂಟಲ್‌ಗೆ 30,000 ರೂಪಾಯಿ ಇದ್ದ ಬ್ಯಾಡಗಿ ಮೆಣಸಿನಕಾಯಿ ಶೇ. 20 ಏರಿ 36,000 ಆಯಿತು, ಮತ್ತೆ ಶೇ. 20 ಇಳಿಯಿತು ಎಂದುಕೊಳ್ಳಿ, 1.2 × 0.8 = 0.96 ಆದ್ದರಿಂದ ದರ 28,800ಕ್ಕೆ ಬರುತ್ತದೆಯೇ ಹೊರತು ಮೊದಲಿನ ಜಾಗಕ್ಕಲ್ಲ. ನಾನು ಮುಗ್ಗರಿಸಿದ್ದು ಇದರ ತಿರುವುಮುರುವಿನಲ್ಲಿ. ಶೇ. 20 ಏರಿದ ಮೇಲೆ 1,800 ಆದ ಬೆಲೆ ಮೊದಲು ಎಷ್ಟಿತ್ತು ಎಂಬುದಕ್ಕೆ 1,800ರಲ್ಲೇ ಶೇ. 20 ಕಳೆದು 1,440 ಎಂದು ಬರೆದಿದ್ದೆ. ಸರ್ ನನ್ನ ನೋಟ್‌ಬುಕ್ಕಿನ ಮೇಲೆ ಬಗ್ಗಿ, “1,440ನ್ನ 1.2ರಿಂದ ಗುಣಿಸ್ರಿ, ನೋಡೋಣ” ಎಂದಷ್ಟೇ ಹೇಳಿದರು. 1,728 ಬಂತು. ಗುಣಿಸಿ ಏರಿದ್ದನ್ನು ಭಾಗಿಸಿಯೇ ಇಳಿಸಬೇಕು. 1,800 ÷ 1.2 = 1,500.

ಲಾಭ ನಷ್ಟ, ಬಡ್ಡಿಯ ಪಾಠಗಳು ಇದೇ ದಾರಿಯಲ್ಲಿ ಸಾಗಿದವು. ಅನುಪಾತವನ್ನು ಮಾತ್ರ ಒಂದೇ ಮಧ್ಯಾಹ್ನದಲ್ಲಿ ಓಡಿಸಿದರು.

ಕೊರತೆಗಳೂ ಉಂಟು. ಕೊಠಡಿಗೆ ಮೀರಿದ ಜನ. ಹಿಂದಿನ ಬೆಂಚಿಗೆ ದಶಮಾಂಶದ ಚುಕ್ಕೆ ಕಾಣುವುದಿಲ್ಲ, ಈ ಪಾಠದಲ್ಲಿ ಆ ಚುಕ್ಕೆ ತಪ್ಪಿದರೆ ಎಲ್ಲವೂ ತಪ್ಪು. ಪ್ರತ್ಯೇಕ ಹಣ ಪಡೆದು ಕೊಟ್ಟ ಮುದ್ರಿತ ಟಿಪ್ಪಣಿಯಲ್ಲಿ ಶೇ. 10ರಂತೆ ಎರಡು ಸಲ ಏರಿದರೆ ಒಟ್ಟು ಶೇ. 20 ಎಂದು ಅಚ್ಚಾಗಿದೆ. ಸರ್ ಹಲಗೆಯ ಮೇಲೆ ಹೇಳಿದ ಪ್ರಕಾರ ಅದು 21. ಕಚೇರಿಯಲ್ಲಿ ತೋರಿಸಿದಾಗ ಮುಂದಿನ ಮುದ್ರಣದಲ್ಲಿ ನೋಡುತ್ತೇವೆ ಎಂಬ ಉತ್ತರ ಬಂತು. ಸೇರುವವರು ಟಿಪ್ಪಣಿಯ ಹಣ ಉಳಿಸಿಕೊಂಡು, ಅರ್ಧ ಗಂಟೆ ಮೊದಲೇ ಹೋಗಿ ಮುಂದಿನ ಬೆಂಚು ಹಿಡಿಯುವುದು ಒಳ್ಳೆಯದು.