ಟ್ಯಾಂಕಿಗೆ ಸಣ್ಣ ಫ್ಲೇಕೋ, ದಪ್ಪ ಫ್ಲೇಕೋ?

ಪುಣೆಯಲ್ಲಿ ಬುಲೆಟ್ ಬೈಕಿನ ಟ್ಯಾಂಕಿಗೆ ಮೆಟಲ್ ಫ್ಲೇಕ್ (ಮಿನುಗುವ ಕಣ ಬೆರೆಸಿದ ಬಣ್ಣ) ಹೊಡೆಸುವ ನಮ್ಮ ಕನ್ನಡದ ಹುಡುಗರು ಮೊದಲು ಬಣ್ಣ ಕೇಳುತ್ತಾರೆ. ಮೊದಲು ನೋಡಬೇಕಾದ್ದು ಕಣದ ಗಾತ್ರ.

0.2 ಮಿ.ಮೀ. ಕಣ ಸ್ಪ್ರೇ ಗನ್ನಿನ 1.8 ಮಿ.ಮೀ. ನಾಜಲ್‌ನಲ್ಲಿ ಸಲೀಸಾಗಿ ಬರುತ್ತದೆ, ಟ್ಯಾಂಕಿನ ತಿರುವಿನಲ್ಲೂ ಒಪ್ಪವಾಗಿ ಕೂರುತ್ತದೆ. 0.4 ಮಿ.ಮೀ.ನದು ಬಿಸಿಲಿಗೆ ಕಲ್ಲುಸಕ್ಕರೆ ಚೆಲ್ಲಿದಂತೆ ಮಿನುಗುತ್ತದೆ, ನಿಜ. ಆದರೆ ಅದಕ್ಕೆ 2 ಮಿ.ಮೀ. ಮೀರಿದ ನಾಜಲ್ ಬೇಕು; ಕಣ ತಳಕ್ಕಿಳಿಯದಂತೆ ಗನ್ನಿನ ಬಣ್ಣದ ಕಪ್ ಅಲ್ಲಾಡಿಸುತ್ತಲೇ ಇರಬೇಕು. ಒಣಗಿದ ಮೇಲೆ ಅಂಗೈ ಸವರಿದರೆ ಉಪ್ಪುಕಾಗದದ ಹಾಗೆ ತರಿತರಿ. ಆ ತರಿ ಮುಳುಗುವವರೆಗೂ ಕ್ಲಿಯರ್ ಕೋಟ್ (ಮೇಲಿನ ಪಾರದರ್ಶಕ ಪದರ) ಹೊಡೆಯುತ್ತಾ ಹೋಗಬೇಕು. ಅವಸರಕ್ಕೆ ಫ್ಲೇಕನ್ನೇ ಉಜ್ಜಿದಿರೋ, ಬಣ್ಣ ಕಿತ್ತು ಒಳಗಿನ ಬೆಳ್ಳಿ ಇಣುಕುತ್ತದೆ.

ದಿನಾ ಓಡಿಸುವ ಗಾಡಿಗೆ ನನ್ನ ಆಯ್ಕೆ ಸಣ್ಣದೇ. ಯಾವುದಾದರೂ ಸರಿ, ಜುಲೈ ಮಳೆಯ ತೇವದಲ್ಲಿ ಹೊಡೆಸಬೇಡಿ, ಕ್ಲಿಯರ್ ಮಂಜುಮಂಜಾಗುತ್ತದೆ.