ಹೇಮಾ: ಮೈಕ್‌ಸೆಟ್ಟಿನವನು ಕೇಳಿದ ಸಿನಿಮಾ

ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ, "ಚಿಕ್ಕಪ್ಪ, ಹೇಮಾ ನೋಡ್ತೀರಾ?" ಅಂದ. ಎಲ್ಲೋ ಹುಡುಗಿ ಗೊತ್ತಾಗಿರಬೇಕು, ಫೋಟೋ ತೋರಿಸುತ್ತಾನೆ ಅಂದುಕೊಂಡು ಕನ್ನಡಕ ಹಾಕಿಕೊಂಡೆ. ನೋಡಿದರೆ ಐಸ್‌ಲ್ಯಾಂಡಿನ ಒಂದು ಬ್ಯಾಂಡಿನ ಮೇಲೆ ತೆಗೆದ ಸಾಕ್ಷ್ಯಚಿತ್ರ! ಅವರ ಭಾಷೆಯಲ್ಲಿ ಆ ಮಾತಿಗೆ 'ಮನೆಯಲ್ಲಿ' ಅಂತ ಅರ್ಥವಂತೆ. 2007ರದು, 97 ನಿಮಿಷ. ಅವನು ವಾಪಸ್ ಹೋದಮೇಲೆ ನಾನೊಬ್ಬನೇ ಕೂತು ಇನ್ನೂ ಎರಡು ಸಲ ನೋಡಿದೆ.

ನಾನು ಸಾಗರದ ಕಡೆಯವನು. ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತೇನೆ. ಮದುವೆ, ಗಣಪತಿ ಹಬ್ಬ, ಎಲ್ಲಕ್ಕಿಂತ ಜಾಸ್ತಿ ಯಕ್ಷಗಾನ. ಹಾಗಾಗಿ ಈ ಸಿನಿಮಾವನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು.

ಬ್ಯಾಂಡಿನ ಹೆಸರು ಸಿಗುರ್ ರೋಸ್. ಹಾಡುವವನು ಯೋನ್ಸಿ. ಗಿಟಾರನ್ನು ಇವನು ಮೀಟುವುದಿಲ್ಲ, ಚೆಲ್ಲೋ ಅನ್ನುವ ದೊಡ್ಡ ಪಿಟೀಲಿನಂಥ ವಾದ್ಯದ ಕಮಾನಿನಿಂದ ಉಜ್ಜುತ್ತಾನೆ. ಕಣ್ಣು ಮುಚ್ಚಿ ಕೇಳಿದರೆ ಹಾಡುವುದು ಗಂಡಸೋ ಹೆಂಗಸೋ ಗೊತ್ತಾಗುವುದಿಲ್ಲ. ಕೆಲವು ಹಾಡಿಗೆ ಭಾಷೆಯೇ ಇಲ್ಲ, ಬಾಯಿಗೆ ಬಂದ ಸದ್ದು ಅಷ್ಟೇ. ಅದಕ್ಕೂ ವೋನ್‌ಲೆನ್ಸ್ಕಾ ಅಂತ ಒಂದು ಹೆಸರಿಟ್ಟಿದ್ದಾರೆ. 2002ರಲ್ಲಿ ಬಂದ ಆಲ್ಬಮ್ಮಿಗೆ ಹೆಸರಿನ ಜಾಗದಲ್ಲಿ ಬರೀ ಎರಡು ಆವರಣ ಚಿಹ್ನೆ. ಒಳಗಿನ ಎಂಟು ಹಾಡಿಗೂ ಹೆಸರಿಲ್ಲ. ಇಂಥವರನ್ನು ನಮ್ಮೂರಲ್ಲಿ ತಲೆಕೆಟ್ಟವರು ಅನ್ನುತ್ತಾರೆ. ಆದರೆ 2005ರ ಹೊತ್ತಿಗೆ ಅವರ ಆಲ್ಬಮ್ ತಂದದ್ದು ಇಎಂಐಯಂಥ ದೊಡ್ಡ ಕಂಪನಿ. ದೇಶದೇಶ ಸುತ್ತಿದ್ದರು. ತೀರಾ ಬಡಪಾಯಿಗಳೇನಲ್ಲ.

ಹಾಗೆ ಸುತ್ತಿ ಬಂದವರು 2006ರ ಬೇಸಿಗೆಯಲ್ಲಿ ತಮ್ಮದೇ ದೇಶದ ಊರೂರಿಗೆ ಹೋಗಿ ಪುಕ್ಕಟೆಯಾಗಿ ನುಡಿಸಿದರು. ಅದೇ ಸಿನಿಮಾ. ನಮ್ಮಲ್ಲಿ ಟೆಂಟ್ ಮೇಳ ಬೇರೆ, ಹರಕೆ ಬಯಲಾಟ ಬೇರೆ, ಅಲ್ವಾ? ಟೆಂಟಿಗೆ ದುಡ್ಡು ಕೊಟ್ಟು ಬಂದವನು ಕೊಟ್ಟದ್ದು ವಸೂಲಾಗಬೇಕು ಅಂತ ಕೂತಿರುತ್ತಾನೆ. ಬಯಲಾಟದಲ್ಲಿ ಕಂಬಳಿಯೊಳಗೆ ಮಲಗಿದ ಮಗು ಇರುತ್ತದೆ, ಕಡಲೆ ತಿನ್ನುವ ಅಜ್ಜಿ ಇರುತ್ತಾಳೆ, ಹಿಂದೆ ನಿಂತು ಅಡಿಕೆ ರೇಟು ಮಾತಾಡುವವರಿರುತ್ತಾರೆ. ಇವರು ಆ ವರ್ಷ ಟೆಂಟ್ ಬಿಟ್ಟು ಬಯಲಾಟಕ್ಕೆ ಬಂದರು. ನಿರ್ದೇಶಕ ಡೀನ್ ಡೆಬ್ಲೊಯಿಸ್‌ಗೆ ಇದು ಚೆನ್ನಾಗಿ ಗೊತ್ತಾಗಿದೆ. ಆತ ಕ್ಯಾಮೆರಾವನ್ನು ವೇದಿಕೆಗಿಂತ ಜನರ ಕಡೆಗೇ ತಿರುಗಿಸುತ್ತಾನೆ. ಉಣ್ಣೆ ಸ್ವೆಟರ್ ಹಾಕಿಕೊಂಡ ಮುದುಕರು, ಹುಲ್ಲಿನಲ್ಲಿ ಓಡುವ ಮಕ್ಕಳು. ಬ್ಯಾಂಡಿನ ಹೆಸರೇ ಕೇಳದ ಹಾಗಿರುವ ಮುಖಗಳೂ ಇವೆ. ನನಗೆ ಹಿಡಿಸಿದ್ದು ಆ ಮುಖಗಳೇ.

ದ್ಯೂಪಾವಿಕ್ ಅನ್ನುವ ಜಾಗವೊಂದಿದೆ. 1935ರಲ್ಲಿ ಅಲ್ಲಿ ಹೆರಿಂಗ್ ಮೀನಿನ ದೊಡ್ಡ ಕಾರ್ಖಾನೆ ಶುರುವಾಯಿತು. ಮೀನು ಬರುವುದು ನಿಂತಿತು, 1954ರಲ್ಲಿ ಬಾಗಿಲು ಹಾಕಿದರು. ಆ ಪಾಳು ಕಟ್ಟಡದಲ್ಲಿ ಇವರು ನುಡಿಸುತ್ತಾರೆ. ಮೀನೆಣ್ಣೆ ತುಂಬಿಡುತ್ತಿದ್ದ ಟ್ಯಾಂಕಿನೊಳಗೂ ಹೊಕ್ಕು ಗಿಟಾರ್ ಉಜ್ಜುತ್ತಾರೆ. ಒಂದು ಸ್ವರ ಎದ್ದರೆ ಅದು ಗೋಡೆ ಸುತ್ತಿ ಬರುವುದರೊಳಗೆ ಇನ್ನೊಂದು ಎದ್ದಿರುತ್ತದೆ. ಬಾವಿಗೆ ಬಗ್ಗಿ ಕೂಗುತ್ತೇವಲ್ಲ, ಹಾಗೆ. ನಾನು ಇಷ್ಟು ವರ್ಷ ಎಕೋ ಬೇಕು ಅಂದವರಿಗೆ ಗುಂಡಿ ತಿರುಗಿಸಿ ಕೊಟ್ಟಿದ್ದೇನೆ. ಅದು ಎಕೋ ಅಲ್ಲ, ಎಕೋದ ವೇಷ ಅಂತ ಈ ಟ್ಯಾಂಕ್ ಕೇಳಿದಮೇಲೆ ಗೊತ್ತಾಯಿತು. ಈ ಭಾಗ ಮಾತ್ರ ದಯವಿಟ್ಟು ಹೆಡ್‌ಫೋನ್ ಹಾಕಿ ಕೇಳಿ.

ಪೌಲ್ ಗುಡ್ಮುಂಡ್ಸನ್ ಅನ್ನುವ ಕಲಾವಿದ ಕಲ್ಲಿನ ಚಕ್ಕೆಗಳನ್ನು ಸಾಲಾಗಿ ಇಟ್ಟು ವಾದ್ಯ ಮಾಡಿದ್ದಾನೆ. ಬ್ಯಾಂಡಿನವರೂ ಜೊತೆಗೆ ನಿಂತು ಬಡಿಯುತ್ತಾರೆ. ಜಲತರಂಗದಲ್ಲಾದರೆ ನೀರು ಹೆಚ್ಚುಕಡಿಮೆ ಮಾಡಿ ಶ್ರುತಿ ಹಿಡಿಯಬಹುದು. ಕಲ್ಲಿಗೆ ಏನು ಮಾಡುತ್ತೀರಿ? ಸರಿಯಾದ ಕಲ್ಲನ್ನೇ ಹುಡುಕಬೇಕು. ಇನ್ನೊಂದು ಕಡೆ ಸ್ಟೇಂಡೋರ್ ಆಂಡರ್ಸನ್ ಅನ್ನುವವರು ರೀಮುರ್ ಹಾಡುತ್ತಾರೆ. ಕಥೆ ಹೇಳುವ ಹಳೇ ಕಾಲದ ಪದ್ಯವದು. ಹಳೇ ತಲೆಯ ಭಾಗವತರ ಹಾಗೆ ಅಲುಗಾಡದ ದನಿ. ಅವರು ಹಾಡುವಾಗ ಬ್ಯಾಂಡಿನವರು ತಗ್ಗಿ ನಿಂತಿದ್ದು ನೋಡಿ ಖುಷಿಯಾಯಿತು.

ಈಗ ನನ್ನನ್ನು ಕದಲಿಸಿದ ಭಾಗ. ಐಸ್‌ಲ್ಯಾಂಡಿನ ಪೂರ್ವದಲ್ಲಿ ಕಾರಾಹ್ನ್ಯೂಕರ್ ಅಣೆಕಟ್ಟು ಕಟ್ಟುತ್ತಿದ್ದರು. ಕರೆಂಟೆಲ್ಲ ಒಂದು ಅಲ್ಯೂಮಿನಿಯಂ ಕಾರ್ಖಾನೆಗೆ. ಅದನ್ನು ವಿರೋಧಿಸುವವರು ಸ್ನೈಫೆಲ್ ಬೆಟ್ಟದ ಹತ್ತಿರ ಬೀಡುಬಿಟ್ಟಿದ್ದರು. ಇವರು ಅಲ್ಲಿಗೆ ಹೋಗಿ ಕರೆಂಟಿಲ್ಲದೆ ನುಡಿಸಿದರು. ಪಿಟೀಲು, ಚೆಲ್ಲೋ ನುಡಿಸುವ ಅಮೀನಾ ತಂಡದ ಹೆಣ್ಣುಮಕ್ಕಳೂ ಇದ್ದರು. ದೊಡ್ಡ ಜನಸಂದಣಿಯಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆ ಕಣಿವೆಗೆ ನೀರು ತುಂಬಿಸಲು ಶುರು ಮಾಡಿದರು.

ನಮ್ಮದು ಮುಳುಗಡೆಯ ಮನೆತನ. ಅಜ್ಜನ ಮನೆ, ತೋಟ ಎಲ್ಲ ಲಿಂಗನಮಕ್ಕಿಯ ನೀರಿನಡಿ ಇದೆ. 1964ರಲ್ಲಿ ಅಣೆಕಟ್ಟು ಮುಗಿಯಿತು. ಮಳೆ ಕೈಕೊಟ್ಟ ವರ್ಷ ನೀರು ಇಳಿದು ಮಡೆನೂರಿನ ಹಳೇ ಅಣೆಕಟ್ಟು ಮೇಲೆದ್ದಾಗ ಜನ ಗುಂಪು ಕಟ್ಟಿಕೊಂಡು ನೋಡಲು ಹೋಗುತ್ತಾರೆ, ಸೆಲ್ಫಿ ತೆಗೆಯುತ್ತಾರೆ. ಅಪ್ಪ ಒಂದು ಸಲವೂ ಹೋಗಲಿಲ್ಲ. ನಮ್ಮವರು ಊರು ಬಿಡುವಾಗ ಯಾರೂ ಬಂದು ಏನೂ ನುಡಿಸಿರಲಿಲ್ಲ. ನುಡಿಸಿದ್ದರೆ ನೀರು ನಿಲ್ಲುತ್ತಿತ್ತಾ? ಇಲ್ಲ. ಐಸ್‌ಲ್ಯಾಂಡಿನಲ್ಲೂ ನಿಲ್ಲಲಿಲ್ಲ. ನನ್ನ ಆಂಪ್ಲಿಫೈಯರ್ ಓಡುವುದೂ ಶರಾವತಿಯ ಕರೆಂಟಿನಲ್ಲೇ. ಆದರೂ ಆ ಹಾಡು ಬಂದಾಗಲೆಲ್ಲ ಟಿವಿ ದನಿ ಸ್ವಲ್ಪ ಜಾಸ್ತಿ ಮಾಡುತ್ತೇನೆ.

ತಪ್ಪುಗಳೂ ಇವೆ. ಈ ನಾಲ್ವರನ್ನು ಮಾತಾಡಿಸುವುದು ಹೊಸ ಅಳಿಯನನ್ನು ಮಾತಾಡಿಸಿದ ಹಾಗೆ. ಒಂದು ಮಾತು, ಒಂದು ಮುಗುಳ್ನಗು, ಮುಗೀತು. ಸಾಮಾನು ಯಾರು ಹೊತ್ತರು, ಜನರೇಟರ್ ಎಲ್ಲಿಂದ ತಂದರು, ದುಡ್ಡಿನ ಲೆಕ್ಕ ಹೇಗೆ, ಯಾರ ಯಾರ ನಡುವೆ ಜಗಳ, ಒಂದೂ ತೋರಿಸುವುದಿಲ್ಲ. ತಿರುಗಾಟ ಅಂದಮೇಲೆ ಜಗಳ ಇಲ್ಲದಿರುತ್ತದಾ? ಮೇಳದವರು ಬಣ್ಣ ಹಚ್ಚುವ ಚೌಕಿಯಲ್ಲಿ ಒಂದು ರಾತ್ರಿ ಕೂತು ನೋಡಿ. ಇನ್ನು ನಿಧಾನಕ್ಕೆ ಅಲ್ಲಾಡುವ ಹುಲ್ಲು, ಮೋಡ, ಜಲಪಾತ ಅತಿಯಾಯಿತು. ಜೋಗದ ಪಕ್ಕದವನಿಗೆ ಎಷ್ಟು ಅಂತ ಜಲಪಾತ ತೋರಿಸುತ್ತೀರಿ? ನನ್ನ ಹೆಂಡತಿ ಇಪ್ಪತ್ತನೇ ನಿಮಿಷಕ್ಕೆ ನಿದ್ದೆ ಹೋದಳು. ಅವಳದೇನೂ ತಪ್ಪಿಲ್ಲ.

ಕೊನೆಗೆ ರೇಕ್ಯಾವಿಕ್‌ನ ಮಿಕ್ಲಾಟೂನ್ ಪಾರ್ಕಿನಲ್ಲಿ ದೊಡ್ಡ ಜನ ಸೇರುತ್ತದೆ. ಅಲ್ಲಿನ ಸೌಂಡ್ ಭರ್ಜರಿ. ಆದರೆ ನನಗೆ ಅಷ್ಟು ಹೊತ್ತಿಗೆ ಟ್ಯಾಂಕಿನದೇ ಗುಂಗು.

ಎರಡು ಡಿಸ್ಕಿನ ಸೆಟ್ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ. ಸಿನಿಮಾದಲ್ಲಿ ಹಾಡುಗಳನ್ನು ಅಲ್ಲಲ್ಲಿ ಕತ್ತರಿಸಿದ್ದಾರೆ, ಎರಡನೇ ಡಿಸ್ಕಿನಲ್ಲಿ ಪೂರ್ತಿ ಇವೆ. ಮೊಬೈಲ್ ಸ್ಪೀಕರಿನಲ್ಲಿ ನೋಡುವುದಾದರೆ ನೋಡದಿದ್ದರೂ ನಡೆಯುತ್ತದೆ. ಅಣ್ಣನ ಮಗ ಡಿಸ್ಕ್ ವಾಪಸ್ ಕೇಳುತ್ತಿದ್ದಾನೆ. ಮಳೆಗಾಲ ಮುಗಿದು ಆಟ ಶುರುವಾಗಲಿ, ಆಮೇಲೆ ಕೊಡುತ್ತೇನೆ ಅಂದಿದ್ದೇನೆ.